ಮೊರಿ ಗರ್ಲ್ ಉಡುಗೆ: ಪದರ ಕೂಡಿಸುವ ಕ್ರಮ

ಮೊರಿ ಗರ್ಲ್ ಜಪಾನಿನ ಒಂದು ಉಡುಗೆ ಶೈಲಿ. ಮೊರಿ ಎಂದರೆ ಕಾಡು. ಕಾಡಿನಲ್ಲಿ ಮನೆ ಮಾಡಿಕೊಂಡ ಹುಡುಗಿಯಂತೆ ಕಾಣಬೇಕೆಂಬುದು ಇದರ ಆಶಯ. 2006ರಲ್ಲಿ ಮಿಕ್ಸಿ ಎಂಬ ಜಪಾನಿ ಸಾಮಾಜಿಕ ಜಾಲತಾಣದ ಗುಂಪೊಂದರಲ್ಲಿ ರೂಪುಗೊಂಡ ಇದು ಕೆಲವೇ ವರ್ಷಗಳಲ್ಲಿ ಫ್ಯಾಷನ್ ಪತ್ರಿಕೆಗಳಿಗೂ ಹಬ್ಬಿತು. 'ಹನಿ ಅಂಡ್ ಕ್ಲೋವರ್' ಚಿತ್ರದ ನಟಿ ಅಓಯಿ ಯೂ ಈ ಶೈಲಿಯ ಅಭಿಮಾನಿಗಳಿಗೆ ಮಾದರಿಯಾದರು. ಇದು ದಿನನಿತ್ಯ ತೊಡುವ ಉಡುಗೆ. ತಲೆಗೆ ಜಿಂಕೆಯ ಕೊಂಬು, ಮೈತುಂಬ ಎಲೆ-ಬಳ್ಳಿ ಸಿಕ್ಕಿಸಿಕೊಂಡರೆ ಅದು ನಾಟಕದ ವೇಷ, ಅಷ್ಟೇ.

ಮೊದಲು ಉಡುಪು: ಭುಜದಿಂದ ಸಡಿಲವಾಗಿ ಇಳಿದು ಕೆಳಗೆ ಅಗಲವಾಗುವ, ಮಂಡಿ ಮುಚ್ಚುವ ಫ್ರಾಕ್ ಇದರ ಬುನಾದಿ. ಹತ್ತಿ, ಲಿನನ್, ಉಣ್ಣೆ ಒಗ್ಗುತ್ತವೆ.

ಬಣ್ಣ: ಕೆನೆ, ಕಂದು, ಪಾಚಿ ಹಸಿರು, ಕಡುಗೆಂಪು, ಕಡುನೀಲಿ. ಕಣ್ಣು ಕುಕ್ಕುವ ಬಣ್ಣ ಬೇಡ.

ಪದರ: ಹೆಚ್ಚಿನವರು ಎಡವುವುದು ಇಲ್ಲಿಯೇ. ಪದರ ಹೆಚ್ಚಿದಷ್ಟೂ ಶೈಲಿ ಕಳೆಗಟ್ಟುತ್ತದೆ ಎಂದುಕೊಂಡು ಸಿಕ್ಕಿದ್ದನ್ನೆಲ್ಲ ಹೇರಿಕೊಂಡರೆ ಮೈ ಬಟ್ಟೆಯ ಗಂಟಿನಂತೆ ಕಾಣುತ್ತದೆ. ತೆಳುವಾದದ್ದು ಒಳಗೆ, ದಪ್ಪನೆಯದು ಹೊರಗೆ ಇರಬೇಕು. ಎಲ್ಲ ಪದರಗಳ ಉದ್ದ ಒಂದೇ ಆಗಬಾರದು: ಲೇಸ್ ಅಂಚಿನ ಒಳಲಂಗ ಫ್ರಾಕಿನ ಕೆಳಗೆ ಎರಡು ಬೆರಳಿನಷ್ಟು ಇಣುಕಲಿ, ಮೇಲಿನ ಕಾರ್ಡಿಗನ್ ಸೊಂಟದ ಆಸುಪಾಸಿನಲ್ಲೇ ನಿಲ್ಲಲಿ. ಒಂದರಲ್ಲಿ ಹೂವಿನ ಚಿತ್ತಾರವಿದ್ದರೆ ಉಳಿದವು ಸಾದಾ ಇರಲಿ. ಅಡಿಯಿಂದ ಮುಡಿಯವರೆಗೆ ಬಿಳಿ ಲೇಸ್ ತೊಟ್ಟರೆ ಅದು ರಾತ್ರಿಯುಡುಪಾಗಿಬಿಡುತ್ತದೆ. ಅಗ್ಗದ ನೈಲಾನ್ ಲೇಸ್ ಕೊಳ್ಳುವುದಕ್ಕಿಂತ ಲೇಸ್ ಇಲ್ಲದಿರುವುದೇ ಮೇಲು; ಅದು ಇಳಿಬೀಳದೆ ಸೆಟೆದು ನಿಲ್ಲುತ್ತದೆ, ಬೆವರಿದರೆ ಚುಚ್ಚುತ್ತದೆ. ಎಲ್ಲವನ್ನೂ ತೊಟ್ಟ ಮೇಲೆ ಒಮ್ಮೆ ಕುರ್ಚಿಯಲ್ಲಿ ಕುಳಿತು, ಕೈ ಮೇಲೆತ್ತಿ ನೋಡಬೇಕು. ಸೊಂಟದ ಬಳಿ ಬಟ್ಟೆ ಮುದ್ದೆಗಟ್ಟಿದರೆ ಒಂದು ಪದರ ತೆಗೆಯಲೇಬೇಕು. ಜಪಾನಿನ ಬೇಸಿಗೆಯೂ ಸೆಕೆಯದೇ. ಆಗ ತೆಳು ಹತ್ತಿಯ ಎರಡು ಪದರ ಸಾಕು. ನಮ್ಮ ಊರುಗಳ ಬಿಸಿಲಿಗೂ ಇದೇ ಲೆಕ್ಕ: ತೆಳು ಖಾದಿಯ ಫ್ರಾಕ್, ಒಳಗೊಂದು ಹತ್ತಿಯ ಲಂಗ.

ಕಾಲು, ಕೂದಲು: ಟೈಟ್ಸ್ ಅಥವಾ ಹೆಣೆದ ಕಾಲುಚೀಲ, ದುಂಡು ಮೂತಿಯ ಚಪ್ಪಟೆ ಬೂಟು. ಹೀಲ್ಸ್ ಹೊಂದುವುದಿಲ್ಲ. ಕೂದಲು ಸಡಿಲ ಜಡೆಯಾಗಿಯೋ ಮೆಲು ಗುಂಗುರಾಗಿಯೋ ಇರಲಿ, ಪ್ರಸಾಧನ ಹಗುರವಾಗಿರಲಿ. ಚರ್ಮದ ಚೀಲ, ಸರಪಳಿಯ ಹಳೆಯ ಗಡಿಯಾರ ಇದ್ದರೆ ಒಪ್ಪುತ್ತವೆ.

ಬದುಕು: ಕ್ಯಾಮೆರಾ ಹಿಡಿದು ಗಲ್ಲಿ ಸುತ್ತುವುದು, ಪುಟ್ಟ ಕೆಫೆಯಲ್ಲಿ ಕುಳಿತು ಓದುವುದು, ಹೆಣಿಗೆ, ಹಳೆಯ ವಸ್ತುಗಳ ಹುಡುಕಾಟ ಈ ಶೈಲಿಯ ಜೊತೆಗೇ ಬಂದ ಹವ್ಯಾಸಗಳು. ಅಂಗಡಿಯಿಂದ ಇಡೀ ಸೆಟ್ ಕೊಂಡುತಂದರೆ ಹುಡುಕಿ ಹೊಂದಿಸುವ ಸುಖವೇ ಇರುವುದಿಲ್ಲ.

ಹೆಸರಿನಲ್ಲಿ ಕಾಡಿದೆಯೆಂದು ಈ ಉಡುಗೆಯಲ್ಲಿ ಚಾರಣಕ್ಕೆ ಹೊರಡಬಾರದು. ಲೇಸ್ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಬೆಟ್ಟ ಹತ್ತುವವರಿಗಾಗಿ ಜಪಾನಿನಲ್ಲಿ ಯಾಮಾ ಗರ್ಲ್ ಎಂಬ ಬೇರೆಯೇ ಶೈಲಿ ಇದೆ.