ನೆಲದ ಮೇಲೆ ಬರೆದ ಬೀದಿಗಳು

ಭೂಗೋಳದ ಪಾಠದಲ್ಲಿ ನಾವು ಊರಿನ ನಕ್ಷೆಯನ್ನು ಬರೆಯಿಸುವಾಗ ಬೀದಿ, ಕೆರೆ, ಗುಡ್ಡಗಳನ್ನು ಗುರುತಿಸಿದರೆ ತೃಪ್ತರಾಗುತ್ತೇವೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಪಟ್ಟಣದಲ್ಲಿರುವ ಒಂದು ನಕ್ಷೆಯಾದರೋ ಅಲ್ಲಿ ವಾಸಿಸಿದ್ದವರ ಹೆಸರುಗಳನ್ನೇ ಹೊತ್ತಿರುವದು. ಅದರ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರು ತಿಳಿಯಬೇಕೆಂದು ಅಪೇಕ್ಷಿಸುತ್ತೇವೆ.

1867ರಲ್ಲಿ ಆ ಪಟ್ಟಣದ ಆರನೆಯ ವಿಭಾಗವೆಂದು ಗೊತ್ತುಮಾಡಲ್ಪಟ್ಟ ಕೇರಿಗೆ 'ಡಿಸ್ಟ್ರಿಕ್ಟ್ ಸಿಕ್ಸ್' ಎಂಬ ಹೆಸರು ನಿಂತಿತು. ಬಿಡುಗಡೆ ಹೊಂದಿದ ಗುಲಾಮರ ಸಂತತಿಯವರು, ಕೂಲಿಗಳು, ಕುಶಲಕರ್ಮಿಗಳು, ವರ್ತಕರು, ಪರದೇಶಗಳಿಂದ ಬಂದವರು ಅಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ಅವರಲ್ಲಿ ಬಹುಮಂದಿ ಬಾಡಿಗೆದಾರರು. 1966ನೇ ಫೆಬ್ರುವರಿ 11ರಂದು ಸರಕಾರವು ಆ ಸ್ಥಳವು ಬಿಳಿಯರಿಗೆ ಮಾತ್ರ ಸಲ್ಲತಕ್ಕದ್ದೆಂದು ಸಾರಿತು. ಅದು ಕೊಳೆಗೇರಿಯೆಂಬದು ಅಧಿಕಾರಿಗಳು ಹೇಳಿದ ಕಾರಣಗಳಲ್ಲೊಂದು. ಕೊಳೆಯನ್ನು ತೆಗೆಯುವದಕ್ಕೆ ಜನರನ್ನೇ ತೆಗೆಯಬೇಕಾಗಿತ್ತೇ ಎಂದು ನಾವು ಕೇಳದಿರಲಾರೆವು. ಮುಂದಿನ ಹದಿನೈದು ವರುಷಗಳಲ್ಲಿ 60,000ಕ್ಕೂ ಹೆಚ್ಚು ಮಂದಿಯನ್ನು ದೂರದ ಮರಳುಬಯಲಾದ ಕೇಪ್ ಫ್ಲ್ಯಾಟ್ಸಿಗೆ ಸಾಗಿಸಿ ಅವರ ಮನೆಗಳನ್ನು ಕೆಡವಿದರು. ಕೆಲವು ಕ್ರೈಸ್ತ ದೇವಾಲಯಗಳೂ ಮಸೀದಿಗಳೂ ಒಂಟಿಯಾಗಿ ಉಳಿದವು.

1980ರ ದಶಕದ ಕೊನೆಯಲ್ಲಿ ಆ ಬರಿದಾದ ಭೂಮಿಯಲ್ಲಿ ಹೊಸ ಕಟ್ಟಡಗಳನ್ನೆಬ್ಬಿಸುವ ಯೋಜನೆಯೊಂದು ಹೊರಟಾಗ ಅಲ್ಲಿಯ ಹಿಂದಿನ ನಿವಾಸಿಗಳೂ ಅವರ ಮಿತ್ರರೂ ಸೇರಿ ಅದನ್ನು ಪ್ರತಿಭಟಿಸಿದರು. ಆ ಚಳವಳಿಯಿಂದ ಹುಟ್ಟಿದ ಸಂಸ್ಥೆಯು 1994ನೇ ಡಿಸೆಂಬರಿನಲ್ಲಿ ಹಳೆಯ ಮೆಥೋಡಿಸ್ಟ್ ದೇವಾಲಯವೊಂದರಲ್ಲಿ ವಸ್ತುಸಂಗ್ರಹಾಲಯವನ್ನು ತೆರೆಯಿತು. ನೆಲದ ಮೇಲೆ ಕೇರಿಯ ದೊಡ್ಡ ನಕ್ಷೆಯನ್ನು ಹಾಸಿದರು. ಬಂದವರು ಮೊಣಕಾಲೂರಿ, ತಮ್ಮ ಮನೆಯಿದ್ದ ಕಡೆಯಲ್ಲಿ ಸ್ವಂತ ಕೈಯಿಂದ ಹೆಸರನ್ನು ಬರೆದರು. ಉದ್ದವಾದ ಬಟ್ಟೆಯ ಮೇಲೆಯೂ ನೆನಪುಗಳನ್ನು ಬರೆದರು. ಆ ಅಕ್ಷರಗಳು ಅಳಿಸಿಹೋಗದಂತೆ ಅವುಗಳ ಮೇಲೆ ದಾರದಿಂದ ಕಸೂತಿ ಹಾಕಲಾಯಿತು. (ಹೊಲಿಗೆಯ ತರಗತಿಯನ್ನು ಬೇಸರದ್ದೆಂದೆಣಿಸುವ ಹುಡುಗಿಯರು ಇದನ್ನು ಗಮನಿಸಲಿ.) ಬೀದಿಗಳ ಹಳೆಯ ಹೆಸರುಹಲಗೆಗಳು ಕೂಡ ಅಲ್ಲಿವೆ, ಮನೆಗಳನ್ನು ಕೆಡವಿದ ಕೆಲಸಗಾರರ ಮೇಲ್ವಿಚಾರಕನೊಬ್ಬನು ಅವುಗಳನ್ನು ಎಸೆಯದೆ ತನ್ನ ಮನೆಯಲ್ಲಿ ಬಚ್ಚಿಟ್ಟಿದ್ದನು!

ಇದು ಹಳೆಯದನ್ನು ನೆನೆದು ನಿಟ್ಟುಸಿರಿಡುವದು ಮಾತ್ರವಾಗಿರಲಿಲ್ಲ. ಅದೇ 1994ರಲ್ಲಿ, ಕಳಕೊಂಡ ಭೂಮಿಯ ಹಕ್ಕನ್ನು ಕೇಳಿಕೊಳ್ಳಲು ಕಾನೂನಾಯಿತು. ಬಾಡಿಗೆದಾರರು ಸಹ ಅರ್ಜಿಕೊಟ್ಟರು. ಕ್ರಯಪತ್ರವಿಲ್ಲದವನಿಗೆ ತಾನು ಯಾವ ಬೀದಿಯಲ್ಲಿ, ಯಾರ ಪಕ್ಕದಲ್ಲಿ ಇದ್ದೆನೆಂದು ಹೇಳಶಕ್ತನಾಗಿರುವದೇ ದೊಡ್ಡ ಆಸರೆ. 2004ನೇ ಫೆಬ್ರುವರಿಯಲ್ಲಿ, ಎಂಭತ್ತು ಮೀರಿದ ಇಬ್ಬರು ಮುದುಕರಿಗೆ ಮೊದಲಾಗಿ ಹೊಸ ಮನೆಗಳ ಬೀಗದಕೈಗಳು ದೊರೆತವು. ಅರ್ಜಿಕೊಟ್ಟವರಲ್ಲಿ ಅನೇಕರು ಮನೆ ಸಿಕ್ಕುವ ಮೊದಲೇ ತೀರಿಕೊಂಡರು. ಕೇರಿಯ ಬಹುಭಾಗವು ಇನ್ನೂ ಹುಲ್ಲುಬಯಲಾಗಿದೆ.