ಫೆರಿ ದೋಣಿ ಮತ್ತು ಬಿಟ್‌ಕಾಯಿನ್ ಲೆಕ್ಕ

ರಾಯಬಂದರಿನಿಂದ ಚೋಡಣ ದ್ವೀಪಕ್ಕೆ ಹೋಗುವ ಫೆರಿ ದೋಣಿ ನೋಡಿದ್ದೀರಲ್ವಾ? ದೋಣಿ ತುಂಬಿದರೆ ಮುಗೀತು, ಉಳಿದ ಸ್ಕೂಟರುಗಳು ಮುಂದಿನ ಟ್ರಿಪ್ಪಿಗೆ ಕಾಯಬೇಕು. ಬಿಟ್‌ಕಾಯಿನ್ ಜಾಲವೂ ಹೀಗೇ. ಅಲ್ಲಿ ‘ಬ್ಲಾಕ್’ ಎಂಬ ದೋಣಿ ಸರಾಸರಿ 10 ನಿಮಿಷಕ್ಕೊಮ್ಮೆ ಹೊರಡುತ್ತದೆ. 2017ರ ಮಧ್ಯದವರೆಗೆ ಅದರ ಮಿತಿ 10 ಲಕ್ಷ ಬೈಟ್ ಇತ್ತು. ಒಂದು ವ್ಯವಹಾರದ ದಾಖಲೆಗೆ 250 ಬೈಟ್ ಬೇಕೆಂದುಕೊಳ್ಳಿ. ಒಂದು ಬ್ಲಾಕಿನಲ್ಲಿ 4,000 ವ್ಯವಹಾರ ಹಿಡಿಯುತ್ತವೆ. 600 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಏಳೂ ಆಗಲಿಲ್ಲ! ನಮ್ಮ ಯುಪಿಐ 2023ರ ಆಗಸ್ಟ್ ಒಂದೇ ತಿಂಗಳಲ್ಲಿ 1,000 ಕೋಟಿ ವ್ಯವಹಾರ ದಾಟಿತು. ಸೆಕೆಂಡಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಹಾಗಾದರೆ ದೊಡ್ಡ ದೋಣಿ ತರಬಾರದಾ? ಅಲ್ಲೇ ಇರೋದು ತೊಡಕು. ಬಿಟ್‌ಕಾಯಿನ್‌ಗೆ ಬ್ಯಾಂಕಿಲ್ಲ. ಸಾವಿರಾರು ಕಂಪ್ಯೂಟರುಗಳು ಪ್ರತಿಯೊಂದು ವ್ಯವಹಾರವನ್ನೂ ತಾವೇ ಪರಿಶೀಲಿಸುತ್ತವೆ. ಬ್ಲಾಕ್ ಹಿಗ್ಗಿದಷ್ಟೂ ಮನೆಯ ಸಾಧಾರಣ ಕಂಪ್ಯೂಟರಿಗೆ ಭಾರ. ಕೊನೆಗೆ ದೊಡ್ಡ ಕಂಪನಿಗಳಷ್ಟೇ ಉಳಿದಾವು. ಈ ಜಗಳದಲ್ಲಿ 2017ರ ಆಗಸ್ಟ್ 1ರಂದು ಒಂದು ಗುಂಪು ಬೇರೆಯಾಗಿ, 8 ಮೆಗಾಬೈಟ್ ಬ್ಲಾಕಿನ ‘ಬಿಟ್‌ಕಾಯಿನ್ ಕ್ಯಾಶ್’ ಶುರುಮಾಡಿತು.

ಉಳಿದವರು ಅದೇ ತಿಂಗಳು ಪ್ರೊಟೊಕಾಲನ್ನು, ಅಂದರೆ ಜಾಲದ ನಿಯಮಾವಳಿಯನ್ನು, ಬದಲಿಸಿದರು. ಬದಲಾವಣೆಯ ಹೆಸರು ‘ಸೆಗ್‌ವಿಟ್’. ದಾಖಲೆಯಲ್ಲಿ ಬಹಳ ಜಾಗ ತಿನ್ನೋದು ಡಿಜಿಟಲ್ ಸಹಿ. ಸಹಿಯನ್ನು ಪ್ರತ್ಯೇಕ ಭಾಗಕ್ಕೆ ಸರಿಸಿ, ಅದರ ಬೈಟಿಗೆ 1 ಅಂಕ, ಉಳಿದ ಬೈಟಿಗೆ 4 ಅಂಕ, ಇಡೀ ಬ್ಲಾಕಿಗೆ 40 ಲಕ್ಷ ಅಂಕ ಎಂದು ಗೊತ್ತುಮಾಡಿದರು. ನಮ್ಮ 250 ಬೈಟಿನಲ್ಲಿ 110 ಸಹಿಯದಾದರೆ, 140×4 + 110 = 670 ಅಂಕ. 40 ಲಕ್ಷವನ್ನು 670ರಿಂದ ಭಾಗಿಸಿ: ಸುಮಾರು 5,970. ಅಂದರೆ 4,000 ಇದ್ದದ್ದು ಹತ್ತಿರಹತ್ತಿರ ಒಂದೂವರೆ ಪಟ್ಟಾಯಿತು. ಹಳೆಯ ಸಾಫ್ಟ್‌ವೇರಿಗೆ ಸಹಿಯ ಭಾಗ ಕಾಣುವುದೇ ಇಲ್ಲ, ಆದ್ದರಿಂದ ಅದರ 10 ಲಕ್ಷದ ಮಿತಿಯೂ ಮುರಿಯಲಿಲ್ಲ. ನನಗೆ ತುಂಬ ಇಷ್ಟವಾದ ಜಾಣತನ ಇದು.

ಆದರೆ 2017ರ ಡಿಸೆಂಬರಿನಲ್ಲಿ ಏನಾಯಿತು ನೋಡಿ. ಬಿಟ್‌ಕಾಯಿನ್‌ನಲ್ಲಿ ಹೆಚ್ಚು ಶುಲ್ಕ ಕೊಟ್ಟವರಿಗೆ ಮೊದಲು ಜಾಗ (ಫೆರಿಯಲ್ಲಿ ಹಾಗಿಲ್ಲ, ಪುಣ್ಯ). ಜನ ಮುಗಿಬಿದ್ದು, ಒಂದು ವ್ಯವಹಾರದ ಸರಾಸರಿ ಶುಲ್ಕ 50 ಡಾಲರ್ ದಾಟಿತು! ನೂರು ರೂಪಾಯಿ ಕಳಿಸೋಕೆ ಸಾವಿರಾರು ರೂಪಾಯಿ. ಸೆಗ್‌ವಿಟ್ ಬಂದಿತ್ತಲ್ಲ? ಬಂದಿತ್ತು, ಆದರೆ ಅದನ್ನು ಬಳಸಲೇಬೇಕೆಂಬ ಕಡ್ಡಾಯವಿರಲಿಲ್ಲ. ಆಗಿನ್ನೂ ಹೆಚ್ಚಿನ ವ್ಯವಹಾರಗಳು ಹಳೆಯ ರೀತಿಯಲ್ಲೇ ನಡೆಯುತ್ತಿದ್ದವು.

ಮುಂದೆ ‘ಲೈಟ್ನಿಂಗ್’ ಜಾಲ ಕಟ್ಟಲು ಸೆಗ್‌ವಿಟ್ಟೇ ದಾರಿ ಮಾಡಿಕೊಟ್ಟಿತು. ಇಬ್ಬರು ಮೊದಲೇ ಹಣ ಕಟ್ಟಿಟ್ಟು, ನೂರಾರು ಸಣ್ಣ ವ್ಯವಹಾರಗಳನ್ನು ತಮ್ಮೊಳಗೇ ನಡೆಸಿ, ಕೊನೆಯ ಬಾಕಿಯನ್ನಷ್ಟೇ ಬ್ಲಾಕಿಗೆ ಏರಿಸುತ್ತಾರೆ.