ತಂಡದ ಅಡುಗೆ: ಒಬ್ಬೊಬ್ಬರ ಅಂಕ ಎಷ್ಟು?

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಹುಡುಗರು ತರಬೇತಿಗೆಂದು ನಮ್ಮಲ್ಲಿಗೆ ಬರುತ್ತಾರೆ. ನಾಲ್ವರ ತಂಡಕ್ಕೆ ಒಂದು ಊಟ ವಹಿಸುತ್ತೇವೆ. ಊಟ ಚೆನ್ನಾದರೆ ನಾಲ್ವರಿಗೂ ಒಂದೇ ಅಂಕ. ಬೆಳಗಿನಿಂದ ಬೆವರು ಹರಿಸಿದವನಿಗೂ ಅಷ್ಟೇ, ಮೂಲೆಯಲ್ಲಿ ಮೊಬೈಲ್ ಹಿಡಿದು ನಿಂತವನಿಗೂ ಅಷ್ಟೇ. ನಾಳೆ ಅದೇ ಅಂಕ ನಂಬಿ ಕೆಲಸಕ್ಕೆ ತೆಗೆದುಕೊಳ್ಳುವವರೂ ನಾವೇ. ಹಾಗಾಗಿ ಇದು ಬರೀ ಮೇಷ್ಟ್ರುಗಳ ವಿಷಯವಲ್ಲ.

ಇದಕ್ಕೊಂದು ದಾರಿ ಸಹಪಾಠಿ ಮೌಲ್ಯಮಾಪನ, ಅಂದರೆ ತಂಡದವರೇ ಒಬ್ಬರಿಗೊಬ್ಬರು ಅಂಕ ಕೊಡುವುದು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯ ಇದಕ್ಕಾಗಿ ವೆಬ್‌ಪಿಎ ಎಂಬ ತಂತ್ರಾಂಶವನ್ನೇ ರೂಪಿಸಿತು. ನಮಗೆ ಚೀಟಿ, ಪೆನ್ನು ಸಾಕು.

ದೆಹಲಿಯ ಆರ್.ಕೆ.ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ಸಮಾರಂಭ, ಬಿಸಿಬೇಳೆ ಬಾತಿನ ಊಟ ಎಂದುಕೊಳ್ಳೋಣ. ತರಬೇತಿಯ ನಾಲ್ವರು ಖರೀದಿ, ಅಡುಗೆ, ಬಡಿಸುವುದು, ಪಾತ್ರೆ-ಸ್ವಚ್ಛತೆ ಹಂಚಿಕೊಂಡಿದ್ದಾರೆ. ಊಟಕ್ಕೆ ಮುಖ್ಯ ಬಾಣಸಿಗರು ಕೊಟ್ಟದ್ದು 72 ಅಂಕ. ಆಮೇಲೆ ಪ್ರತಿಯೊಬ್ಬನೂ ಉಳಿದ ಮೂವರಿಗೆ ಗುಟ್ಟಾಗಿ ಅಂಕ ಬರೆಯುತ್ತಾನೆ: ಸಮಯಪಾಲನೆ, ವಹಿಸಿದ ಕೆಲಸ, ನೆರವು, ಶುಚಿತ್ವ, ತಲಾ 5ರಂತೆ ಒಟ್ಟು 20. ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ.

ಸರಾಸರಿ 18, 16, 16, 14 ಬಂತೆನ್ನಿ. ತಂಡದ ಸರಾಸರಿ 16. ಒಬ್ಬೊಬ್ಬರ ಸರಾಸರಿಯನ್ನು 16ರಿಂದ ಭಾಗಿಸಿ 72ರಿಂದ ಗುಣಿಸಿದರೆ 81, 72, 72, 63 ಸಿಗುತ್ತದೆ. ಊಟದ ಅಂಕ ಒಂದೇ. ದುಡಿಮೆಗೆ ತಕ್ಕಂತೆ ಪಾಲು ಬೇರೆ.

ಆದರೆ ಎಚ್ಚರ ಬೇಕು. ಸ್ನೇಹಿತರು, ಒಂದೇ ಭಾಷೆಯವರು ಒಬ್ಬರನ್ನೊಬ್ಬರು ಮೇಲೆತ್ತಬಹುದು, ಜಗಳವಿದ್ದವರು ಇಳಿಸಬಹುದು. ಎಲ್ಲರೂ ಎಲ್ಲರಿಗೂ 20 ಕೊಟ್ಟರೆ ಮತ್ತೆ ನಾಲ್ವರಿಗೂ 72ವೇ. ಆದ್ದರಿಂದ ಪ್ರತಿ ಅಂಕಕ್ಕೂ ಒಂದು ಸಾಲಿನ ಕಾರಣ ಬರೆಸಬೇಕು. ವ್ಯತ್ಯಾಸ ವಿಪರೀತವಾದರೆ ವಿಚಾರಿಸಿ, ಕೊನೆಯ ತೀರ್ಮಾನವನ್ನು ಮೇಲ್ವಿಚಾರಕರೇ ಮಾಡಬೇಕು.

ಇನ್ನೊಂದು ಮುಖ್ಯ ಮಾತು. ಒಲೆ ಮುಂದೆ ನಿಂತವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಹಿಂದೆ ಪಾತ್ರೆ ತಿಕ್ಕಿದವನು ಬೀಳುವುದಿಲ್ಲ. ಅವನಿಗೆ ಕಡಿಮೆ ಬಂದರೆ ಅದು ಅನ್ಯಾಯ. ಯಾರ ಕೆಲಸ ಯಾವುದು, ಯಾವುದಕ್ಕೆ ಅಂಕ ಎಂದು ಶುರುವಿನಲ್ಲೇ ಬರೆದು ಗೋಡೆಗೆ ಅಂಟಿಸಿ. ಕೆಲಸಗಳನ್ನು ಸರದಿಯಂತೆ ಬದಲಿಸಿ. ತಿಕ್ಕುವ ಕಷ್ಟ ಒಮ್ಮೆ ತಿಳಿದವನು ಮುಂದೆ ಅಂಕ ಕೊಡುವಾಗ ಕೈ ಬಿಗಿ ಹಿಡಿಯುವುದಿಲ್ಲ.

ಮುಂದಿನ ತಂಡ ಬಂದಾಗ ನಮ್ಮ ನಮ್ಮ ಹೋಟೆಲಿನಲ್ಲಿ ಒಮ್ಮೆ ಮಾಡಿ ನೋಡೋಣ.